ಘಟ್ಟ ಹತ್ತುವ ಮೊದಲು ಡೌನ್‌ಲೋಡ್ ಮಾಡಿಕೊಳ್ಳಿ: ಸ್ವತಂತ್ರ ಪಾಡ್‌ಕಾಸ್ಟ್ ಹುಡುಕಲು ಯಾವ ದಾರಿ, ಕೇಳಲು ಯಾವ ಆ್ಯಪ್?

ನನ್ನ ಕೆಲಸ ಕಾರವಾರದಲ್ಲಿ, ಮನೆ ಶಿರಸಿ ಹತ್ತಿರ. ಶನಿವಾರ ಮಧ್ಯಾಹ್ನ ಬಸ್ ಹತ್ತಿದರೆ ಮೂರೂವರೆ ನಾಲ್ಕು ತಾಸು ಕಿವಿ ಖಾಲಿ. ಅಂಕೋಲಾ, ಕುಮಟಾ ತನಕ ನೆಟ್‌ವರ್ಕ್ ಪರವಾಗಿಲ್ಲ. ದೇವಿಮನೆ ಘಟ್ಟ ಶುರುವಾಯಿತು ಅಂದರೆ ಮೊಬೈಲ್ ಟೈಮ್ ನೋಡುವುದಕ್ಕೆ ಮಾತ್ರ. ರಸ್ತೆ ಕೆಲಸಕ್ಕೆ ಘಟ್ಟ ಬಂದ್ ಆದ ದಿನಗಳಲ್ಲಂತೂ ಅರಬೈಲ್ ಹತ್ತಿ ಯಲ್ಲಾಪುರ ಸುತ್ತಿ ಬರಬೇಕು, ಅಲ್ಲೂ ಅದೇ ಕಥೆ. ಪಾಡ್‌ಕಾಸ್ಟ್, ಅಂದರೆ ಮೊಬೈಲಿಗೆ ಇಳಿಸಿಕೊಂಡು ಬೇಕಾದಾಗ ಕೇಳುವ, ಕಂತು ಕಂತಾಗಿ ಬರುವ ಮಾತಿನ ಕಾರ್ಯಕ್ರಮ, ಅದರ ಚಟ ನನಗೆ ಹತ್ತಿದ್ದು ಈ ಬಸ್ಸಿನಲ್ಲೇ. ಹಾಗಾಗಿ ಕೆಳಗೆ ಬರೆದದ್ದೆಲ್ಲ ನೆಟ್‌ವರ್ಕ್ ಇಲ್ಲದ ಊರಿನ ಲೆಕ್ಕ. ಮೆಟ್ರೋದಲ್ಲಿ ಕೂತು ಕೇಳುವವರಿಗೆ ಬೇರೆ ಲೆಕ್ಕ ಇರಬಹುದು.

ಮೊದಲು ಒಂದು ಮಾತು. ‘ಸ್ವತಂತ್ರ’ ಅಂದರೆ ನನ್ನ ಪ್ರಕಾರ ಇಷ್ಟೇ: ಏನು ಮಾತಾಡಬೇಕು, ಎಷ್ಟು ಹೊತ್ತು ಮಾತಾಡಬೇಕು ಅನ್ನುವುದನ್ನು ಮಾತಾಡುವವರೇ ಗಟ್ಟಿ ಮಾಡಿಕೊಳ್ಳುವುದು. ಒಬ್ಬರೇ ಮೈಕ್ ಹಿಡಿದು ಕೂತಿರಬಹುದು, ನಾಲ್ಕು ಜನ ಗೆಳೆಯರಿರಬಹುದು, ಸಣ್ಣ ಸಂಸ್ಥೆಯೂ ಇರಬಹುದು. ಇದು ಒಮ್ಮೆ ಹಚ್ಚಿದರೆ ಹೋಗದ ಮುದ್ರೆಯಲ್ಲ. ಕಟ್ಟಡ, ಬಾವುಟ, ದಾರಿದೀಪಗಳ ವಿನ್ಯಾಸದ ಬಗ್ಗೆ ರೋಮನ್ ಮಾರ್ಸ್ 2010ರಲ್ಲಿ ಸಣ್ಣದಾಗಿ ಶುರು ಮಾಡಿದ ‘99% ಇನ್‌ವಿಸಿಬಲ್’ ಎಷ್ಟೋ ವರ್ಷ ಸ್ವತಂತ್ರರಿಗೆಲ್ಲ ಮಾದರಿ ಆಗಿತ್ತು, 2021ರಲ್ಲಿ ದೊಡ್ಡ ಕಂಪನಿಯ ಕೈಗೆ ಹೋಯಿತು. ಅತ್ತ ಇಂಗ್ಲಿಷ್ ಪದಗಳ ಹುಟ್ಟು ಬೆಳವಣಿಗೆ ಹೇಳುವ ಹೆಲೆನ್ ಝಾಲ್ಟ್ಸ್‌ಮನ್ ಅವರ ‘ದಿ ಅಲ್ಯೂಷನಿಸ್ಟ್’ 2015ರಲ್ಲಿ ಒಂದು ಗುಂಪಿನ ಜೊತೆ ಶುರುವಾಗಿ, 2020ರಲ್ಲಿ ಆ ಗುಂಪು ಬಿಟ್ಟು ಒಂಟಿಯಾಗಿ ಹೊರಟಿತು. ಎರಡನ್ನೂ ಈಗಲೂ ಕೇಳುತ್ತೇನೆ.

ಆ್ಯಪ್ ವಿಷಯಕ್ಕೆ ಬರೋಣ

ಹೆಚ್ಚಿನವರ ಫೋನಿನಲ್ಲಿ ಸ್ಪಾಟಿಫೈ ಮತ್ತು ಯೂಟ್ಯೂಬ್ ಇದ್ದೇ ಇರುತ್ತವೆ. ಹೊಸ ಆ್ಯಪ್ ಯಾಕೆ ಅನ್ನುವುದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ ಪಾಡ್‌ಕಾಸ್ಟ್ ಒಳಗೆ ಏನಿದೆ ಅಂತ ಸ್ವಲ್ಪ ಬಿಚ್ಚಬೇಕು.

ಪಾಡ್‌ಕಾಸ್ಟ್ ಅಂದರೆ ಮೂಲದಲ್ಲಿ ಒಂದು ಆರ್‌ಎಸ್‌ಎಸ್ ಫೀಡ್. (ಈ ಹೆಸರು ಹೇಳಿದಾಗ ನಮ್ಮ ಭಾವ ‘ಅದಕ್ಕೂ ಮೊಬೈಲಿಗೂ ಎಂತ ಸಂಬಂಧ ಮಾರಾಯಾ’ ಅಂತ ಕೇಳಿದ್ದರು. ಇದು ಬೇರೆ.) ಇಂಥ ದಿನ ಇಂಥ ಆಡಿಯೊ ಹಾಕಿದ್ದೇವೆ, ಅದು ಇಂಥ ಕಡೆ ಇದೆ ಅಂತ ಬರೆದಿಟ್ಟ ಒಂದು ಪಟ್ಟಿ, ಅಷ್ಟೇ. ಆ ಪಟ್ಟಿಯ ವಿಳಾಸ ಗೊತ್ತಿದ್ದರೆ ಯಾವ ಆ್ಯಪಿನಿಂದಲಾದರೂ ಓದಬಹುದು. ‘ಪಾಡ್‌ಕಾಸ್ಟ್’ ಅನ್ನುವ ಹೆಸರು 2004ರಲ್ಲಿ ಗಾರ್ಡಿಯನ್ ಪತ್ರಿಕೆಯ ಒಂದು ಲೇಖನದಲ್ಲಿ ಮೊದಲು ಬಂತು, 2005ರಲ್ಲಿ ಆ್ಯಪಲ್ ತನ್ನ ಐಟ್ಯೂನ್ಸ್‌ಗೆ ಇದನ್ನು ಸೇರಿಸಿಕೊಂಡಿತು, ಆಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. ಇಪ್ಪತ್ತು ವರ್ಷ ಕಳೆದರೂ ಒಳಗಿನ ವ್ಯವಸ್ಥೆ ಅದೇ. ಯಾರೂ ಯಾರ ಅಪ್ಪಣೆ ಕೇಳಬೇಕಿಲ್ಲ. ಸಣ್ಣವರು ಉಳಿದುಕೊಂಡದ್ದು ಇದರಿಂದಲೇ.

ಈಗ ಹೋಲಿಸಿ ನೋಡಿ. ಸ್ಪಾಟಿಫೈಯಲ್ಲಿ ಹಣ ಕೊಡದಿದ್ದರೂ ಪಾಡ್‌ಕಾಸ್ಟ್ ಡೌನ್‌ಲೋಡ್ ಮಾಡಿಕೊಳ್ಳಬಹುದು, ಅದು ಒಳ್ಳೆಯದೇ. ಆದರೆ ಹೊರಗಿನ ಫೀಡ್ ವಿಳಾಸವನ್ನು ನೀವಾಗಿಯೇ ಸೇರಿಸಲು ಅಲ್ಲಿ ಬರುವುದಿಲ್ಲ. ಮಾಡುವವರು ಅಲ್ಲಿ ನೋಂದಣಿ ಮಾಡಿಸಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಮೇಲಾಗಿ ತೆರೆದ ಕೂಡಲೇ ಹಾಡು, ಹಾಡಿನ ಕೆಳಗೆ ಮತ್ತೊಂದು ಹಾಡು. ನಾನು ಹೊರಟದ್ದು ಒಂದು ಕಡೆಗೆ, ಅದು ಕರೆದುಕೊಂಡು ಹೋಗುವುದು ಇನ್ನೊಂದು ಕಡೆಗೆ.

ಯೂಟ್ಯೂಬ್ ವಿಷಯದಲ್ಲಿ ಮಾತ್ರ ಪ್ರಾಮಾಣಿಕವಾಗಿ ಹೇಳಬೇಕು: ಕನ್ನಡದಲ್ಲಿ ಒಳ್ಳೆಯ ಮಾತುಕತೆ ಜಾಸ್ತಿ ಸಿಗುವುದು ಅಲ್ಲೇ. ಅದನ್ನು ಬಿಟ್ಟು ಬನ್ನಿ ಅಂದರೆ ನಾನೇ ಸುಳ್ಳ ಆಗುತ್ತೇನೆ. ಆದರೆ ಹಣ ಕಟ್ಟದಿದ್ದರೆ ಸ್ಕ್ರೀನ್ ಆರಿಸಿದ ಕೂಡಲೇ ಮಾತು ನಿಲ್ಲುತ್ತದೆ, ಜೇಬಿನಲ್ಲಿ ಇಟ್ಟುಕೊಂಡು ಕೇಳುವ ಸುಖ ಇಲ್ಲ. ಡೇಟಾ ಲೆಕ್ಕವೂ ಹಾಕಿ. 64 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನುವ ಅಳತೆ) ಆಡಿಯೊ ಒಂದು ತಾಸಿಗೆ ಸುಮಾರು 29 ಎಂಬಿ, 128 ಕೆಬಿಪಿಎಸ್ ಆದರೆ 58 ಎಂಬಿ. ಅದೇ ಮಾತುಕತೆಯನ್ನು ವಿಡಿಯೊದಲ್ಲಿ ನೋಡಿದರೆ ಇದರ ಎಷ್ಟೋ ಪಟ್ಟು. ಇಬ್ಬರು ಎದುರುಬದುರು ಕುರ್ಚಿಯಲ್ಲಿ ಕೂತಿದ್ದನ್ನು ನೋಡಲಿಕ್ಕೆ ಅಷ್ಟು ಡೇಟಾ ಸುಡಬೇಕಾ? ಯೂಟ್ಯೂಬಿನಲ್ಲಿ ಒಬ್ಬರು ಇಷ್ಟವಾದರೆ ಅವರ ವಿವರಣೆಯ ಜಾಗ ತೆರೆದು ನೋಡಿ, ಆಡಿಯೊ ಫೀಡ್ ಇದ್ದರೆ ಅಲ್ಲೇ ಬರೆದಿರುತ್ತಾರೆ. ಇದ್ದರೆ ಅಲ್ಲಿಗೆ ಹೋಗಿಬಿಡಿ.

ಆ್ಯಂಡ್ರಾಯ್ಡ್ ಫೋನ್ ಇರುವವರಿಗೆ ನನ್ನ ಮೊದಲ ಆಯ್ಕೆ ಆ್ಯಂಟೆನಾಪಾಡ್. ಪೂರ್ತಿ ಉಚಿತ, ಆ್ಯಪಿನದೇ ಆದ ಜಾಹೀರಾತು ಇಲ್ಲ, ಖಾತೆ ತೆರೆಯಬೇಕಿಲ್ಲ, ಸ್ವಯಂಸೇವಕರು ಸೇರಿ ಕಟ್ಟಿದ ಮುಕ್ತ ತಂತ್ರಾಂಶ. ಆ್ಯಪಲ್ ಪಟ್ಟಿಯಲ್ಲೂ ಹುಡುಕುತ್ತದೆ, ಪಾಡ್‌ಕಾಸ್ಟ್ ಇಂಡೆಕ್ಸ್ ಅನ್ನುವ ಮುಕ್ತ ಪಟ್ಟಿಯಲ್ಲೂ ಹುಡುಕುತ್ತದೆ, ಫೀಡ್ ವಿಳಾಸ ಅಂಟಿಸಿದರೂ ತಗೊಳ್ಳುತ್ತದೆ. ನಾನು ಮಾಡುವುದು ಇಷ್ಟು: ವೈಫೈ ಸಿಕ್ಕಾಗ ಮಾತ್ರ ತಾನಾಗಿ ಡೌನ್‌ಲೋಡ್ ಆಗಲಿ, ಕೇಳಿ ಮುಗಿದದ್ದು ತಾನಾಗಿ ಅಳಿಯಲಿ ಅಂತ ಸೆಟ್ ಮಾಡಿ ಬಿಟ್ಟಿದ್ದೇನೆ. ಶುಕ್ರವಾರ ರಾತ್ರಿ ರೂಮಿನ ವೈಫೈಯಲ್ಲಿ ಎಲ್ಲ ಇಳಿದಿರುತ್ತದೆ. ನೋಡಲು ಅಷ್ಟೇನೂ ಚೆಂದ ಇಲ್ಲ ಅಂತ ಕೆಲವರು ಹೇಳುತ್ತಾರೆ. ಇರಲಿ, ನಾವು ನೋಡುವುದಕ್ಕೆ ಬಂದದ್ದಲ್ಲವಲ್ಲ.

ಚೆಂದವೂ ಬೇಕು, ಆ್ಯಂಡ್ರಾಯ್ಡ್ ಐಫೋನ್ ಎರಡರಲ್ಲೂ ಬೇಕು ಅಂದರೆ ಪಾಕೆಟ್ ಕಾಸ್ಟ್ಸ್. ಕೇಳುವುದಕ್ಕೆ ಬೇಕಾದದ್ದೆಲ್ಲ ಉಚಿತವಾಗಿಯೇ ಸಿಗುತ್ತದೆ. 2021ರಿಂದ ಇದು ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸುವ ಆಟೊಮ್ಯಾಟಿಕ್ ಕಂಪನಿಯ ಕೈಯಲ್ಲಿದೆ. ಐಫೋನಿನಲ್ಲಿ ಮೊದಲೇ ಇರುವ ಆ್ಯಪಲ್ ಪಾಡ್‌ಕಾಸ್ಟ್ಸ್ ಕೂಡ ಸಾಕು, ಅದರಲ್ಲೂ ಫೀಡ್ ವಿಳಾಸ ಹಾಕಿ ಸೇರಿಸಬಹುದು.

ಕುಕು ಎಫ್‌ಎಂ, ಪಾಕೆಟ್ ಎಫ್‌ಎಂ ಇವನ್ನೂ ಜನ ಪಾಡ್‌ಕಾಸ್ಟ್ ಅಂತಲೇ ಕರೆಯುತ್ತಾರೆ. ಕನ್ನಡದಲ್ಲಿ ಧಾರಾವಾಹಿ ಕಥೆ ಬೇಕಾದರೆ ಅಲ್ಲಿ ಉಂಟು. ಆದರೆ ಅವು ಮುಚ್ಚಿದ ಅಂಗಡಿಗಳು: ಚಂದಾ ಅಥವಾ ಆ್ಯಪಿನೊಳಗೆ ಕೊಂಡ ‘ನಾಣ್ಯ’ ಕೊಟ್ಟು ಮುಂದಿನ ಕಂತು ಬಿಡಿಸಿಕೊಳ್ಳಬೇಕು, ಅಲ್ಲಿಯದು ಬೇರೆ ಕಡೆ ಸಿಗುವುದಿಲ್ಲ. ನಾವು ಹುಡುಕುತ್ತಿರುವ ಸರಕು ಅದಲ್ಲ.

ರೇಡಿಯೊ ಬಿಡುವ ಹಾಗಿಲ್ಲ. ನಮ್ಮ ಅಪ್ಪಯ್ಯನಿಗೆ ಇವತ್ತಿಗೂ ಬೆಳಿಗ್ಗೆ ಆಕಾಶವಾಣಿ ಧಾರವಾಡವೇ ಬೇಕು, ಕರಾವಳಿಯ ಕಡೆ ಬಂದರೆ ಕಾರವಾರ ಕೇಂದ್ರ. ಪ್ರಸಾರ ಭಾರತಿಯ ನ್ಯೂಸ್ಆನ್ಏರ್ ಆ್ಯಪಿನಲ್ಲಿ ಎರಡೂ ಬರುತ್ತವೆ. ಅದರ ಚೆಂದ ಬೇರೆ: ನೀವು ಆರಿಸುವುದಿಲ್ಲ, ಅದೇ ಬರುತ್ತದೆ, ಎದುರು ನೋಡದ್ದು ಕಿವಿಗೆ ಬೀಳುತ್ತದೆ. ಪಾಡ್‌ಕಾಸ್ಟಿನಲ್ಲಿ ಈ ಅದೃಷ್ಟ ನೀವೇ ಮಾಡಿಕೊಳ್ಳಬೇಕು.

ಹುಡುಕುವುದು: ಪಟ್ಟಿ ನಂಬಬೇಕಾ, ಮನುಷ್ಯರನ್ನಾ?

ಜಾಸ್ತಿ ಜನ ಸೋಲುವುದು ಇಲ್ಲೇ. ಆ್ಯಪ್ ಹಾಕಿಕೊಂಡು ‘ಟಾಪ್ 50’ ತೆರೆಯುತ್ತಾರೆ, ಅಲ್ಲಿ ಸಿನಿಮಾದವರು, ಹಣ ಮಾಡುವುದು ಹೇಗೆ ಅನ್ನುವವರು, ಕೊಲೆ ಕಥೆಗಳು. ಎರಡು ದಿನ ಕೇಳಿ ‘ಪಾಡ್‌ಕಾಸ್ಟ್ ಅಂದರೆ ಇಷ್ಟೇ’ ಅಂತ ಬಿಟ್ಟುಬಿಡುತ್ತಾರೆ. ಈ ಪಟ್ಟಿ ಈಗಾಗಲೇ ಜನ ಕೇಳುತ್ತಿರುವುದನ್ನೇ ಇನ್ನಷ್ಟು ಜನಕ್ಕೆ ತೋರಿಸುತ್ತದೆ. ಕಲ್ಲುಹೂವಿನ ಬಗ್ಗೆಯೋ ಹಳೆಯ ನಕಾಶೆಗಳ ಬಗ್ಗೆಯೋ ಮಾತಾಡುವವರು ಅಲ್ಲಿಗೆ ಹತ್ತುವುದೇ ಇಲ್ಲ. ಪಾಡ್‌ಕಾಸ್ಟ್ ಇಂಡೆಕ್ಸ್‌ನಲ್ಲಿ 40 ಲಕ್ಷಕ್ಕೂ ಜಾಸ್ತಿ ಫೀಡ್‌ಗಳಿವೆ. ಅರ್ಧದಷ್ಟು ಸತ್ತೇ ಹೋಗಿದ್ದರೂ ಉಳಿದದ್ದು ನಮ್ಮ ಆಯುಷ್ಯಕ್ಕೆ ಸಾಕು.

ಪಟ್ಟಿಗಿಂತ ಹುಡುಕುಪೆಟ್ಟಿಗೆ ಮೇಲು. ಲಿಸನ್ ನೋಟ್ಸ್ ಅಂತ ಒಂದು ತಾಣ ಇದೆ, ಅದು ಪಾಡ್‌ಕಾಸ್ಟಿನ ಹೆಸರು ಮಾತ್ರವಲ್ಲ, ಒಂದೊಂದು ಎಪಿಸೋಡಿನ ವಿವರವನ್ನೂ ಹುಡುಕುತ್ತದೆ. ವಿಷಯ ಇಟ್ಟುಕೊಂಡು ಹೋಗುವವರಿಗೆ ಇದು ಹೇಳಿ ಮಾಡಿಸಿದ್ದು. ‘ಪಶ್ಚಿಮ ಘಟ್ಟ’ ಅಂತ ಇಂಗ್ಲಿಷಿನಲ್ಲಿ ಹಾಕಿದೆ, ಕಪ್ಪೆಗಳ ಬಗ್ಗೆ, ಕಾಳುಮೆಣಸಿನ ವ್ಯಾಪಾರದ ಬಗ್ಗೆ, ಎಲ್ಲೆಲ್ಲಿಯವರೋ ಮಾತಾಡಿದ್ದು ಬಂತು. ಕನ್ನಡದ್ದು ಹುಡುಕುವಾಗ ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಹಾಕಿ, ಯಾಕೆಂದರೆ ನಮ್ಮವರು ಹೆಸರನ್ನು ಹೇಗೆ ಬೇಕಾದರೂ ಬರೆದಿರುತ್ತಾರೆ. ಫೀಡ್ ಮಾಡುವಾಗ ಭಾಷೆ ಯಾವುದು ಅಂತ ತುಂಬುವ ಒಂದು ಜಾಗ ಇರುತ್ತದೆ. ಅಲ್ಲಿ ಮೊದಲೇ ಇರುವ ‘ಇಂಗ್ಲಿಷ್’ ಅನ್ನು ಬದಲಿಸದೆ ಬಿಟ್ಟರೆ, ಭಾಷೆ ಆರಿಸಿ ಹುಡುಕುವವರಿಗೆ ಆ ಕನ್ನಡ ಪಾಡ್‌ಕಾಸ್ಟ್ ಕಾಣುವುದೇ ಇಲ್ಲ. ನೀವೇ ಮಾಡುವವರಾದರೆ ದಯವಿಟ್ಟು ಅದನ್ನು ನೋಡಿಕೊಳ್ಳಿ.

ಎಲ್ಲಕ್ಕಿಂತ ಒಳ್ಳೆಯ ದಾರಿ, ನನ್ನ ಅನುಭವದಲ್ಲಿ, ಅತಿಥಿಗಳ ಬೆನ್ನು ಹತ್ತುವುದು. ಒಂದು ಎಪಿಸೋಡಿನಲ್ಲಿ ಯಾರೋ ಚೆನ್ನಾಗಿ ಮಾತಾಡಿದರು ಅಂತಿಟ್ಟುಕೊಳ್ಳಿ. ಅವರ ಹೆಸರನ್ನೇ ಹುಡುಕಿ, ಅವರು ಇನ್ನೆಲ್ಲಿ ಮಾತಾಡಿದ್ದಾರೆ ನೋಡಿ. ಹತ್ತರಲ್ಲಿ ಎರಡಾದರೂ ನೀವು ಕೇಳಿರದ ಸಣ್ಣ ಪಾಡ್‌ಕಾಸ್ಟ್ ಇರುತ್ತವೆ. ಅಮಿತ್ ವರ್ಮಾ ಅವರ ‘ದಿ ಸೀನ್ ಆ್ಯಂಡ್ ದಿ ಅನ್‌ಸೀನ್’ ಇದಕ್ಕೆ ಒಳ್ಳೆಯ ಬಾಗಿಲು, ಒಬ್ಬೊಬ್ಬ ಅತಿಥಿಯನ್ನು ತಾಸುಗಟ್ಟಲೆ ಮಾತಾಡಿಸುತ್ತಾರೆ. ಹೈದರಾಬಾದಿನ ‘ಸುನೋ ಇಂಡಿಯಾ’ ಇನ್ನೊಂದು. 2018ರಲ್ಲಿ ಶುರುವಾದ ಸಣ್ಣ ಸಂಸ್ಥೆ, ದತ್ತು, ಆರೋಗ್ಯ ಹೀಗೆ ಟಿವಿಯವರು ಮುಟ್ಟದ ವಿಷಯಗಳು. ಕನ್ನಡದಲ್ಲಿ ‘ತಲೆ-ಹರಟೆ’ಯ ಹಳೆಯ ಎಪಿಸೋಡುಗಳ ಅತಿಥಿಗಳನ್ನು ಹಿಡಿದು ಹೊರಡಿ. ಅದು ಶುರುವಾದದ್ದು ಒಂದು ಪಾಡ್‌ಕಾಸ್ಟ್ ಕಂಪನಿಯ ಜೊತೆ, ಕಟ್ಟುನಿಟ್ಟಾಗಿ ಸ್ವತಂತ್ರ ಅನ್ನಲಾಗದು, ಆದರೂ ವಿಜ್ಞಾನ, ಇತಿಹಾಸ, ಊಟ ಅಂತ ಎಲ್ಲ ಕಡೆ ಕೈ ಹಾಕಿದ್ದರಿಂದ ಅತಿಥಿಗಳ ಗಣಿ.

ವಾಟ್ಸ್ಆ್ಯಪ್ ಗುಂಪಿನ ಫಾರ್ವರ್ಡ್? ಕೇಳಿ ಕಳಿಸಿದವರದ್ದಾದರೆ ಚಿನ್ನ. ಕೇಳದೆ ಕಳಿಸಿದವರು ಯಾರು ಅಂತ ಒಂದು ಸಣ್ಣ ಪ್ರಶ್ನೆ ಕೇಳಿದರೆ ಗೊತ್ತಾಗುತ್ತದೆ: ‘ಅದರಲ್ಲಿ ಯಾವ ಜಾಗ ಇಷ್ಟ ಆಯ್ತು?’

ಇಟ್ಟುಕೊಳ್ಳಬೇಕಾ, ಬಿಡಬೇಕಾ?

ನನ್ನ ಪರೀಕ್ಷೆ ಒಂದೇ. ಹೊಸ ಪಾಡ್‌ಕಾಸ್ಟ್ ಸಿಕ್ಕರೆ, ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಎಪಿಸೋಡ್ ಮೊದಲು ಕೇಳಿ. ಗೊತ್ತಿಲ್ಲದ ವಿಷಯದಲ್ಲಿ ಯಾರು ಬೇಕಾದರೂ ಪಂಡಿತರ ಹಾಗೆ ಕೇಳಿಸುತ್ತಾರೆ, ಅಲ್ವಾ? ಒಮ್ಮೆ ಆಹಾರದ ಇತಿಹಾಸದ ಒಂದು ಇಂಗ್ಲಿಷ್ ಪಾಡ್‌ಕಾಸ್ಟ್ ಸಿಕ್ಕಿತ್ತು, ಧ್ವನಿ ಸ್ಟುಡಿಯೊದ್ದು, ಸಂಗೀತ ಬೇರೆ. ಅಡಿಕೆಯ ಎಪಿಸೋಡ್ ಹಾಕಿದೆ. ಪುಣ್ಯಾತ್ಮ ಅದನ್ನು ವೀಳ್ಯದೆಲೆ ಬಳ್ಳಿಯ ಕಾಯಿ ಅಂದ! ಇಂಗ್ಲಿಷಿನಲ್ಲಿ ಅಡಿಕೆಗೆ ‘ಬೀಟಲ್ ನಟ್’ ಅನ್ನುತ್ತಾರೆ, ವೀಳ್ಯದೆಲೆಯ ಹೆಸರು ಅಡಿಕೆಗೆ ಅಂಟಿಕೊಂಡಿದೆ, ಅದನ್ನೇ ಹಿಡಿದುಕೊಂಡು ಕಥೆ ಕಟ್ಟಿದ್ದ. ಎಲೆಬಳ್ಳಿ ಅಡಿಕೆ ಮರಕ್ಕೆ ಹಬ್ಬುತ್ತದೆ, ನಿಜ, ಅಷ್ಟಕ್ಕೆ ಮರದ ಕಾಯಿ ಬಳ್ಳಿಯದಾಗುತ್ತದಾ? ಅವತ್ತೇ ತೆಗೆದೆ. ಮೀನುಗಾರರ ಮನೆಯವರಾದರೆ ಮೀನಿನ ಎಪಿಸೋಡ್ ಕೇಳಿ, ಮೇಷ್ಟ್ರಾದರೆ ಶಾಲೆಯದ್ದು.

ಧ್ವನಿ ಚೆನ್ನಾಗಿಲ್ಲ ಅಂತ ಮಾತ್ರ ಬೇಗ ಬಿಡಬೇಡಿ. ಮೈಕ್ ಡುಬ್ ಡುಬ್ ಅನ್ನುವುದು, ಹಿಂದೆ ಫ್ಯಾನ್ ತಿರುಗುವುದು, ಇವೆಲ್ಲ ಒಂಟಿ ಮನುಷ್ಯರ ಮೊದಲ ಹತ್ತು ಎಪಿಸೋಡಿನಲ್ಲಿ ಇದ್ದದ್ದೇ. ಮೈಕ್ ಡಂಕನ್ ಅನ್ನುವವರು 2007ರಿಂದ 2012ರ ತನಕ ಒಬ್ಬರೇ ಕೂತು ‘ದಿ ಹಿಸ್ಟರಿ ಆಫ್ ರೋಮ್’ ಅಂತ ರೋಮಿನ ಇತಿಹಾಸ ಪೂರ್ತಿ ಹೇಳಿ ಮುಗಿಸಿದರು. ಮೊದಲ ಎಪಿಸೋಡುಗಳಲ್ಲಿ ಧ್ವನಿ ಸುಮಾರು, ಓದಿದ ಹಾಗೆ ಮಾತು. ಆಮೇಲೆ ಮನುಷ್ಯ ಪಳಗುತ್ತಾ ಹೋದದ್ದು ಕೇಳಿಸುತ್ತದೆ. ಅದೇ ಒಂದು ಸುಖ. ಹಾಗಾಗಿ ವಿಷಯದ ಸರಣಿಯಾದರೆ ಮೊದಲಿನಿಂದ, ಮಾತುಕತೆಯಾದರೆ ಇತ್ತೀಚಿನದರಿಂದ ಶುರು ಮಾಡಿ.

ಉದ್ದ ಇದ್ದದ್ದಾ, ಚಿಕ್ಕದಾ? ನಮ್ಮ ಕಡೆಯವರು ಉದ್ದಕ್ಕೆ ಹೆದರುವುದು ನೋಡಿದರೆ ನಗು ಬರುತ್ತದೆ. ರಾತ್ರಿಯಿಡೀ ಕೂತು ತಾಳಮದ್ದಳೆ ಕೇಳಿದ ಜನ ನಾವು. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ ಮತ್ತು ಅರ್ಥಧಾರಿಗಳ ಮಾತು, ಅದರ ಮೇಲೇ ಬೆಳಗಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ಮಾತನ್ನು ಕ್ಯಾಸೆಟ್ ತಿರುಗಿಸಿ ತಿರುಗಿಸಿ ಕೇಳಿದ ಮನೆಗಳು ನಮ್ಮೂರಲ್ಲಿ ಎಷ್ಟಿಲ್ಲ. ವಾಲಿ ರಾಮನಿಗೆ ಹಾಕುವ ಪ್ರಶ್ನೆಗೆ ಒಂದು ತಾಸು ಕೊಟ್ಟವರಿಗೆ ನಾಲ್ಕು ತಾಸಿನ ಸಂದರ್ಶನ ಜಾಸ್ತಿಯಾ? ವರ್ಮಾ ಅವರ ಪಾಡ್‌ಕಾಸ್ಟೂ 2017ರಲ್ಲಿ ಶುರುವಾದಾಗ 20 ನಿಮಿಷದ ಆಸುಪಾಸು ಇತ್ತು, ಕೇಳುವವರಿದ್ದಾರೆ ಅಂತ ಗೊತ್ತಾಗುತ್ತಾ ಬೆಳೆಯಿತು. ಅಡಿಕೆ ಸುಲಿಯುವ ದಿನಗಳಲ್ಲಿ ನಾನು ಉದ್ದದ್ದನ್ನೇ ಹಾಕುವುದು. ಮೆಟ್ಟುಗತ್ತಿಯ ಮುಂದೆ ಕೂತರೆ ಕೈಗೆ ಕೆಲಸ, ಕಿವಿಗೆ ಬಿಡುವು. ಮಷಿನ್ ಹಾಕಿದ ಮನೆಯಾದರೆ ಮರೆತುಬಿಡಿ, ಏನೂ ಕೇಳಿಸುವುದಿಲ್ಲ.

ತೋಟ ಕಾಯುವಾಗ ಎರಡೂ ಕಿವಿಗೆ ಸಿಕ್ಕಿಸಿಕೊಳ್ಳಬೇಡಿ. ನಾನು ಹಾಗೆ ಮಾಡಿ, ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನ ಒಳಗಿನಿಂದ ಬರುವ ‘ಇಯರ್ ಹಸಲ್’ ಕೇಳುತ್ತಾ ಮೈಮರೆತಿದ್ದೆ. 2017ರಿಂದ ಬರುತ್ತಿರುವ ಪಾಡ್‌ಕಾಸ್ಟ್, ಒಂದೇ ಸೆಲ್ಲಿನಲ್ಲಿ ಇಬ್ಬರು ಹೇಗೆ ಹೊಂದಿಕೊಂಡು ಬದುಕುತ್ತಾರೆ ಅನ್ನುವಂಥ ದಿನದಿನದ ಸಂಗತಿಗಳು. ಇತ್ತ ಮಂಗಗಳು ಎರಡು ಬಾಳೆಗೊನೆ ಮುಗಿಸಿ ಹೋಗಿದ್ದವು. ಆಯಿ ಎರಡು ದಿನ ಮಾತಾಡಲಿಲ್ಲ.

ವೇಗದ ಬಗ್ಗೆಯೂ ಜಗಳ ಇದೆ. ಒಂದೂವರೆ ಪಟ್ಟು ಓಡಿಸಿ ಕೇಳುವುದು ಈಗಿನ ರೂಢಿ. ಸುದ್ದಿ, ಪಾಠ ಇವಕ್ಕೆ ನಡೆಯುತ್ತದೆ. ಒಮ್ಮೆ ಅಡುಗೆಮನೆಯಲ್ಲಿ ಹಾಗೆ ಹಾಕಿದ್ದೆ, ಆಯಿ ತಂಬುಳಿಗೆ ಒಗ್ಗರಣೆ ಹಾಕುತ್ತಾ ‘ಎಂತಕ್ಕೆ ಇಷ್ಟು ಗಡಬಡಿ ಇಂವಂಗೆ?’ ಅಂದಳು. ಆವತ್ತಿನಿಂದ ಮಾತುಕತೆಗಳನ್ನು ಅವುಗಳ ನಡಿಗೆಯಲ್ಲೇ ಕೇಳುತ್ತೇನೆ. ಉತ್ತರ ಕೊಡುವ ಮೊದಲು ಒಬ್ಬರು ತಡೆದು ಸುಮ್ಮನಾಗುತ್ತಾರಲ್ಲ, ವೇಗ ಹೆಚ್ಚಿಸಿದರೆ ಮೊದಲು ಹೋಗುವುದು ಅದೇ. ಮೌನ ಕತ್ತರಿಸುವ ಸೌಲಭ್ಯವೂ ಆ್ಯಪುಗಳಲ್ಲಿದೆ, ಅದನ್ನು ಮೊದಲು ಆಫ್ ಮಾಡಿ.

ಮಾತೇ ಬೇಡ ಅನ್ನಿಸುವ ರಾತ್ರಿಗಳೂ ಇರುತ್ತವೆ. ‘ಫೀಲ್ಡ್ ರೆಕಾರ್ಡಿಂಗ್ಸ್’ ಅಂತ ಒಂದಿದೆ. ಬೇರೆ ಬೇರೆ ದೇಶಗಳಲ್ಲಿ ಆಡಿಯೊ ಕೆಲಸ ಮಾಡುವವರು ಹೊಲ, ಬಯಲು, ಬೀದಿ ಅಂತ ಎಲ್ಲೋ ಸುಮ್ಮನೆ ನಿಂತು, ಅಲ್ಲಿ ಕೇಳಿಸಿದ್ದನ್ನು ಹಿಡಿದು ಕಳಿಸುತ್ತಾರೆ. ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜುಲೈ ತಿಂಗಳಲ್ಲಿ ನಮ್ಮ ಹಂಚಿನ ಮೇಲೆ ಮಳೆ ಹೊಡೆಯುವಾಗ ಅದನ್ನು ಹಾಕುವುದು ಹುಚ್ಚು. ಕಾರವಾರದ ರೂಮಿನಲ್ಲಿ, ಹೆದ್ದಾರಿಯ ಲಾರಿ ಶಬ್ದದ ಮಧ್ಯೆ, ಬಹಳ ಒಳ್ಳೆಯದು.

ಇಷ್ಟವಾದವರಿಗೆ ಎರಡು ಸಾಲು ಮೇಲ್ ಬರೆಯಿರಿ, ಕೈಲಾದರೆ ಸ್ವಲ್ಪ ಹಣ ಹಾಕಿ. ಎಪಿಸೋಡಿನ ವಿವರದಲ್ಲಿ ಹೇಗೆ ಅಂತ ಇರುತ್ತದೆ. ನಾನು ಬರೆದ ಮೇಲ್‌ಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಬಂದಿದೆ, ದೊಡ್ಡವರು ಯಾರೂ ಹಾಗೆ ಬರೆಯುವುದಿಲ್ಲ.

ಕೊನೆಗೊಂದು ಕೆಲಸ, ಇದನ್ನು ಇವತ್ತೇ ಮಾಡಿ. ನೀವು ಹಿಂಬಾಲಿಸುವ ಪಾಡ್‌ಕಾಸ್ಟ್‌ಗಳ ಪಟ್ಟಿಯನ್ನು ಒಪಿಎಂಎಲ್ ಅನ್ನುವ ಸಣ್ಣ ಫೈಲ್ ಮಾಡಿ ಹೊರಗೆ ತೆಗೆದಿಡಬಹುದು. ಆ್ಯಂಟೆನಾಪಾಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಇದೆ, ಪಾಕೆಟ್ ಕಾಸ್ಟ್ಸ್‌ನಲ್ಲೂ ಇದೆ. ಆ ಫೈಲನ್ನು ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ. ಆ್ಯಪುಗಳು ಶಾಶ್ವತ ಅಲ್ಲ: ಸ್ಟಿಚರ್ 2023ರಲ್ಲಿ ಮುಚ್ಚಿತು, ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ. ಫೈಲ್ ಇದ್ದವರು ಬೇರೆ ಆ್ಯಪಿಗೆ ಅದನ್ನು ಹಾಕಿ ಮರುದಿನವೇ ಕೇಳಲು ಕೂತರು. ನನ್ನ ಕಥೆಯಲ್ಲಿ ಆ್ಯಪಿನ ತಪ್ಪಿಲ್ಲ, ಫೋನ್ ತೋಟದ ಹಳ್ಳಕ್ಕೆ ಬಿತ್ತು, ಫೈಲ್ ತೆಗೆದಿಟ್ಟಿರಲಿಲ್ಲ. ಅರವತ್ತರ ಮೇಲೆ ಇದ್ದ ಪಟ್ಟಿಯಲ್ಲಿ ನೆನಪಿನಿಂದ ಮರಳಿ ಸಿಕ್ಕಿದ್ದು ಇಪ್ಪತ್ತೋ ಇಪ್ಪತ್ತೈದೋ. ಅದರಲ್ಲೊಂದು, ಹಳೆಯ ಸೇತುವೆಗಳ ಬಗ್ಗೆ ವಯಸ್ಸಾದವರೊಬ್ಬರು ಮೆಲ್ಲಗೆ, ನಡುನಡುವೆ ಕೆಮ್ಮುತ್ತಾ ಮಾತಾಡುತ್ತಿದ್ದದ್ದು, ಹತ್ತೋ ಹನ್ನೊಂದೋ ಎಪಿಸೋಡ್ ಇದ್ದವು. ಹೆಸರು ಮರೆತಿದ್ದೇನೆ. ಎಷ್ಟು ಹುಡುಕಿದರೂ ಇನ್ನೂ ಸಿಕ್ಕಿಲ್ಲ.